ಇಪ್ಪತ್ತೊಂಬತ್ತನೆಯ ಪ್ಲೇಟು

ಶ್ರೀನಿವಾಸಪುರ
೧೨ ಜೂನ್ ೧೯೪೬, ಬುಧವಾರ

ಪ್ರೀತಿಯ ಶಾಮಲಾ,

ಯುಗಾದಿಗೆ ನೀನು ಬರೆದ ಕಾಗದಕ್ಕೆ ಕಾರಹುಣ್ಣಿಮೆ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈದುಬಿಡು, ಆಮೇಲೆ ಓದು. ಮಾವಿನ ಕಾಲದಲ್ಲಿ ಈ ಮನೆಯಲ್ಲಿ ಯಾರಿಗೂ ಕೂರಲು ಪುರಸೊತ್ತಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಆದರೆ ತಡವಾದದ್ದಕ್ಕೆ ಅದು ಅರ್ಧ ಕಾರಣ. ಇನ್ನರ್ಧವನ್ನು ಹೇಳಲಿಕ್ಕೇ ಇವತ್ತು ಕುಳಿತಿದ್ದೇನೆ. ನಿಮ್ಮ ಯಜಮಾನರಿಗೆ ಟೇಕಲ್ ಸ್ಟೇಷನ್ನಿನಿಂದ ವರ್ಗವಾಗುವ ಮಾತಿತ್ತಲ್ಲ, ಏನಾಯಿತು? ಬೇನಿಷಾ ಮಾವು ಒಂದು ಬುಟ್ಟಿ ರೈಲಿಗೆ ಹಾಕಿಸಿದ್ದೇನೆ. ನಾಲ್ಕು ದಿನ ಹುಲ್ಲಿನಲ್ಲಿಡು. ಹೋದ ವರ್ಷದ ಹಾಗೆ ಆತುರಪಟ್ಟು ಕೊಯ್ದು, ಹುಳಿ ಎಂದು ನನ್ನ ಮೇಲೆ ತಪ್ಪು ಹಾಕಬೇಡ.

ನಮ್ಮ ಮನೆಗೆ ಗ್ರಾಮಫೋನು ಬಂದಿದೆ. ಚಿನ್ನದ ಗಣಿಯ ಇಂಜಿನಿಯರೊಬ್ಬ ಯುದ್ಧ ಮುಗಿಯಿತೆಂದು ತನ್ನ ದೇಶಕ್ಕೆ ಹೊರಟ. ಅವನ ಬಂಗಲೆಯ ಸಾಮಾನು ಹರಾಜಿನಲ್ಲಿ ನೀರೆತ್ತುವ ಪಂಪು ತರುತ್ತೇನೆಂದು ಹೋದ ಇವರು, ಒಂದು ಗ್ರಾಮಫೋನು ಮತ್ತು ಮರದ ಪೆಟ್ಟಿಗೆಯಲ್ಲಿ ನಲವತ್ತು ಹಾಡಿನ ಪ್ಲೇಟು ಹೇರಿಕೊಂಡು ಬಂದರು. ಪಂಪು ಎಲ್ಲಿ ಎಂದು ಕೇಳಿದೆ. “ಅದನ್ನ ಯಾರೋ ತಗೊಂಡ್ರು. ಇದನ್ನ ಯಾರೂ ಕೇಳ್ಲಿಲ್ಲ, ಪಾಪ” ಎಂದರು, ದಾರಿಯಲ್ಲಿ ಸಿಕ್ಕ ಕರುವಿನ ವಿಷಯ ಹೇಳುವ ಹಾಗೆ.

ಆ ಇಂಜಿನಿಯರು ಹಡಗು ನಿಂತಲ್ಲೆಲ್ಲ ಪ್ಲೇಟು ಕೊಳ್ಳುತ್ತಿದ್ದನಂತೆ. ಕೆಲವು ನಾವು ಮಿಷನ್ ಸ್ಕೂಲಿನಲ್ಲಿದ್ದ ಕಾಲದವು, ಸವೆದು ಬೆಳ್ಳಗಾಗಿವೆ. ಒಂದೊಂದರ ಕಾಗದದ ಕವರಿನ ಮೇಲೂ ನಂಬರು ಹಾಕಿ, ಯಾವ ದೇಶ, ಎಂಥ ಹಾಡು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಈಜಿಪ್ಟು, ಜಾವಾ, ಸ್ಪೇನು, ಐರ್ಲೆಂಡು. ಭೂಗೋಳದ ಕ್ಲಾಸಿನಲ್ಲಿ ನೀನೂ ನಾನೂ ಭೂಪಟದ ಮೇಲೆ ಕಡ್ಡಿ ಹಿಡಿದು ತೋರಿಸುತ್ತಿದ್ದ ಬಣ್ಣಬಣ್ಣದ ತುಂಡುಗಳಲ್ಲಿ ಜನರಿದ್ದಾರೆ, ಅವರು ಹಾಡುತ್ತಾರೆ ಎಂಬುದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು.

ಇವರಿಗೆ ಇಂಗ್ಲಿಷ್ ಬಾರದು. ನಾನು ಕವರು ಓದಿ ಹೇಳಬೇಕು, ಅದರ ಕೆಳಗೆ ಕನ್ನಡದಲ್ಲಿ ಬರೆಯಬೇಕು. ಆಮೇಲೆ ಇವರು ಕೀ ಕೊಟ್ಟು, ಮುಳ್ಳು ಇಳಿಸಿ, ಕಣ್ಣು ಮುಚ್ಚಿ ಕೂರುವುದು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಇಂಗ್ಲಿಷು ಇವರಿಗೆ ದಿನವೂ ಬೇಕಾದದ್ದು ಅದೇ ಮೊದಲು. ಆ ಒಂದು ವಾರ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಿದರೆ ನೀನು ನಗುತ್ತೀಯ.

ಹಜಾರದಲ್ಲಿ ಹೆಂಗಸರು ಮಾವಿನಕಾಯಿ ವಿಂಗಡಿಸಲು ಕೂರುತ್ತಾರಲ್ಲ, ಅವರಲ್ಲಿ ಮುನಿಶಾಮಮ್ಮ ಎಂಬುವಳೊಬ್ಬಳು. ಐವತ್ತು ದಾಟಿದವಳು, ನಮ್ಮ ತೋಟದ ಅಂಚಿನಲ್ಲೇ ಅವಳ ಗುಡಿಸಲು. ಯಾರ ಮನೆಯಲ್ಲಿ ಸಾವಾದರೂ ಅವಳು ಹೋಗಿ ಹಾಡಿಕೊಂಡು ಅತ್ತರೇನೇ ಸುತ್ತಲಿನವರಿಗೆ ಸಮಾಧಾನ. ಒಂದು ಮಧ್ಯಾಹ್ನ ಐರ್ಲೆಂಡಿನ ಪ್ಲೇಟು ಹಾಕಿದಾಗ, ನಾನು ಕವರು ಓದುವ ಮೊದಲೇ ಅವಳು, “ಇದು ರಾಗಿ ಬೀಸೋ ಹಾಡು ಅಯ್ಯ. ಕಲ್ಲು ತಿರುಗಿದಂಗೆ ತಿರುಗ್ತೈತೆ ನೋಡಿ” ಎಂದಳು. ಹೆಂಗಸರು ಚರಕದಲ್ಲಿ ನೂಲುವಾಗಿನ ಹಾಡು ಎಂದು ಕವರಿನಲ್ಲಿತ್ತು. ಚರಕಕ್ಕೂ ಬೀಸುವ ಕಲ್ಲಿಗೂ ವ್ಯತ್ಯಾಸವಿದೆ ಎಂದೆ. “ತಿರುಗೋದು ತಿರುಗೋದೇ ಕಣೇ” ಎಂದು ಇವರು ತೊಡೆ ತಟ್ಟಿ ನಕ್ಕರು. ಮಾರನೆಯ ದಿನ ಈಜಿಪ್ಟಿನ ಜೋಗುಳವನ್ನು ಅವಳು ಎರಡು ಕ್ಷಣದಲ್ಲಿ ಗುರುತಿಸಿದಳು. ನನಗೆ ಅದರಲ್ಲಿ ಕೇಳಿಸಿದ್ದು ಮುಳ್ಳಿನ ಕರಕರ ಮತ್ತು ಮೂಗಿನಿಂದ ಹೊರಡುವ ಒಂದು ದನಿ, ಅಷ್ಟೇ.

ಅಲ್ಲಿಂದ ಕ್ರಮ ಬದಲಾಯಿತು. “ಮೊದಲು ಮುನಿಶಾಮಿ ಹೇಳ್ಲಿ, ಆಮೇಲೆ ನೀನು ಓದು” ಎನ್ನತೊಡಗಿದರು ಇವರು; ಮುನಿಶಾಮಮ್ಮನನ್ನು ಇವರು ಕರೆಯುವುದು ಹಾಗೆ. ಅವಳು ಕೇಳುವವಳು, ನಾನು ಸರಿಯೋ ತಪ್ಪೋ ಎಂದು ಹೇಳುವ ಗುಮಾಸ್ತೆ. ಅವಳು ತಲೆದೂಗಿದ ಕಡೆ ಇವರೂ ತೂಗುತ್ತಿದ್ದರು. ನೀನು ಬೇರೇನೂ ಅಂದುಕೊಳ್ಳಬೇಡ. ಅಂಥದ್ದಾಗಿದ್ದರೆ ಊರಿನ ಹತ್ತು ಜನರ ಮುಂದೆ ಅತ್ತು ಜಗಳವಾಡಬಹುದಿತ್ತು. ಎಲೆಅಡಿಕೆಯಿಂದ ಹಲ್ಲು ಕೆಂಪಾದ ಮುದುಕಿಯ ಕಿವಿಯ ಮೇಲೆ ಹೊಟ್ಟೆಕಿಚ್ಚೆಂದು ಯಾರಿಗೆ ಹೇಳಲಿ? ಪ್ಲೇಟು ಹಾಕುವ ಹೊತ್ತಿಗೆ ಸರಿಯಾಗಿ ಅವಳನ್ನು ಹಿತ್ತಲಿಗೆ ಕಳಿಸಲು ನಾನು ಕೆಲಸ ಹುಡುಕುತ್ತಿದ್ದೆ. ಇವರು ಅವಳು ಬರುವವರೆಗೂ ಕಾಯುತ್ತಿದ್ದರು.

ಹೋದ ಮಂಗಳವಾರ ಇಪ್ಪತ್ತೊಂಬತ್ತನೆಯ ಪ್ಲೇಟು ಹಾಕಿದರು. ವಾದ್ಯವಿಲ್ಲ, ಒಬ್ಬಳೇ ಹೆಂಗಸಿನ ದನಿ. ಮುನಿಶಾಮಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. “ಅಯ್ಯೋ ತಲ್ಲೀ, ನನ್ನ ತಾಯೀ. ಇವಳ ಕೂಸು ಹೋಗೈತೆ ಅಯ್ಯ” ಎಂದಳು. ಇವರು ಗೋಡೆಯ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು. ನಮ್ಮ ಮಗಳು ಆದಿಲಕ್ಷ್ಮಿ ಗಂಟಲುಬೇನೆಯಿಂದ ಹೋಗಿ ಈ ಶ್ರಾವಣಕ್ಕೆ ಹನ್ನೆರಡು ವರ್ಷ. ಇವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು, ಅದೂ ಮುನಿಶಾಮಮ್ಮನ ಮಾತಿಗೆ. ಪ್ಲೇಟು ಮುಗಿದ ಮೇಲೆ ತಿರುಗದೆಯೇ, “ಏನು ಬರೆದಿದ್ದಾನೆ, ಓದು” ಎಂದರು.

ಗ್ರೀಸು, ಬೆಟ್ಟದ ಊರು, ಸತ್ತ ಮಗುವಿಗಾಗಿ ಶೋಕಗೀತೆ ಎಂದು ಬರೆದಿದ್ದ.

ನಾನು ಓದಿದೆ: “ಗ್ರೀಸು. ಮದುವೆಯಲ್ಲಿ ಹೆಣ್ಣು ಕರೆತರುವಾಗಿನ ಹಾಡು.”

ಹಜಾರವೆಲ್ಲ ನಕ್ಕಿತು. ಅವಳ ಪಕ್ಕದಲ್ಲಿ ಕಾಯಿ ವಿಂಗಡಿಸುತ್ತಿದ್ದ ಮುನಿಯಲ್ಲಮ್ಮನಂತೂ, “ಏನಕ್ಕಾ, ಲಗ್ನದ ಮನೇಗೋಗಿ ಎದೆ ಬಡ್ಕೊಂಡು ಬಂದ್ಯಲ್ಲ” ಎಂದು ಹಾಸ್ಯ ಮಾಡಿದಳು. ಮುನಿಶಾಮಮ್ಮ ನಗಲಿಲ್ಲ. “ಇಂಗ್ಲೀಷಲ್ಲಿ ಹಂಗೆ ಬರ್ದೈತೇನೋ ಅಮ್ಮಣ್ಣಿ. ನನಗೆ ಹಂಗೆ ಕೇಳಿಸ್ಲಿಲ್ಲ” ಎಂದಳು. ಇವರು ಒಬ್ಬ ಮೂರ್ಖನ ಹಾಗೆ ಮುಖ ಒರೆಸಿಕೊಂಡು, ಟವೆಲ್ಲು ಹೆಗಲಿಗೆ ಹಾಕಿ ತೋಟಕ್ಕೆ ಹೋದರು. ನಾನು ಪೆನ್ನು ತಂದು ಆ ಇಂಜಿನಿಯರನ ಸಾಲಿನ ಕೆಳಗೆ, ಮಿಷನ್ ಸ್ಕೂಲಿನಲ್ಲಿ ಬಹುಮಾನ ತಂದ ಈ ದುಂಡು ಅಕ್ಷರದಲ್ಲಿ, ‘ಮದುವೆಯ ಹಾಡು’ ಎಂದು ಬರೆದೆ.

ಮಾರನೆಯ ದಿನದಿಂದ ಮುನಿಶಾಮಮ್ಮ ಹಜಾರಕ್ಕೆ ಬರಲಿಲ್ಲ. ಹುಣಿಸೆಮರದ ಕೆಳಗೆ ಗಾಡಿ ತುಂಬುವ ಕೆಲಸ ಕೇಳಿಕೊಂಡಳಂತೆ, ಆ ವಯಸ್ಸಿನಲ್ಲಿ. ಇವರು ಗ್ರಾಮಫೋನು ಮುಟ್ಟಿಲ್ಲ. ಹನ್ನೊಂದು ಪ್ಲೇಟು ಕೇಳದೆ ಉಳಿದಿವೆ. ನನಗೆ ಬೇಕಾದದ್ದು ಸಿಕ್ಕಿದೆ, ಶಾಮಲಾ: ಅವಳಿಲ್ಲ, ಹಾಡಿಲ್ಲ, ನಾವಿಬ್ಬರೇ. ಎಂಟು ದಿನದಿಂದ ಊಟಕ್ಕೆ ಬಡಿಸಿ ಎದುರಿಗೆ ಕೂರುತ್ತೇನೆ. ಇವರು ನನ್ನ ಮೇಲೆ ಸಿಟ್ಟಾಗಿಲ್ಲ. ನಾನು ಓದಿದ್ದನ್ನು ನಂಬಿ, ತಮ್ಮ ಕಿವಿಯ ಮೇಲೆಯೇ ಸಿಟ್ಟಾಗಿದ್ದಾರೆ. ನಿಜ ಹೇಳಿದರೆ ನಾನು ಓದುವುದನ್ನು ಇನ್ನು ಮೇಲೆ ನಂಬಲಾರರು. ಹೇಳದಿದ್ದರೆ ಇವರು ಮತ್ತೆಂದೂ ಯಾರ ಮುಂದೆಯೂ ಅಳಲಾರರು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತೇನೆಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಮನೆಯಲ್ಲಿ ಗಲಾಟೆ ಎಂದೂ ಕಡಿಮೆಯಾಗದಿರಲಿ.

ನಿನ್ನ
ಅನಸೂಯ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಕಾಗದ ಮಡಿಚಲು ನೋಡಿದೆ. ಇವತ್ತು ಬೆಳಿಗ್ಗೆ ಹುಣಿಸೆಮರದ ಹತ್ತಿರ ಹೋಗಿ ಮುನಿಶಾಮಮ್ಮನಿಗೆ ನಿಜ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಆದಿ ಹೋದ ದಿನ ಅವಳು ನಮ್ಮ ಬಾಗಿಲಲ್ಲಿ ಕೂತು ಹಾಡಿಕೊಂಡು ಅಳಲು ಶುರು ಮಾಡಿದಾಗ, ನನ್ನ ಮನೆಯಲ್ಲಿ ಈ ಗದ್ದಲ ಬೇಡ ಎಂದು ನಾನೇ ಎಬ್ಬಿಸಿ ಕಳಿಸಿದ್ದೆ. ನಿನಗೆ ಅದನ್ನು ಯಾವತ್ತೂ ಬರೆದಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಇವರು ಅವಳ ಗುಡಿಸಲಿಗೆ ಹೋಗಿದ್ದರಂತೆ. “‘ಇಲ್ಲಿ ಅಳು ಮುನಿಶಾಮಿ, ನಾನು ಕೇಳ್ತೀನಿ’ ಅಂದ್ರು. ನಾನು ಅತ್ತೆ, ಅವರೂ ಅತ್ರು. ‘ಅಮ್ಮಣ್ಣಿಗೆ ಹೇಳ್ಬೇಡ, ಅವಳು ಗಟ್ಟಿಯಾಗವಳೆ, ನಾನು ಅತ್ತೆ ಅಂತ ತಿಳಿದ್ರೆ ಒಡೆದುಹೋಗ್ತಾಳೆ’ ಅಂದ್ರು” ಎಂದಳು. ಹನ್ನೆರಡು ವರ್ಷ ಇವರನ್ನು ಕಲ್ಲು ಎಂದುಕೊಂಡಿದ್ದೆ. ಇವರು ನನ್ನನ್ನು ಹಾಗೆ ಅಂದುಕೊಂಡಿದ್ದರು. ಆ ಸಂಜೆ ನನಗೆ ಸಲ್ಲಬೇಕಾಗಿತ್ತು, ಅದು ಅವಳ ಬಳಿ ಇದೆ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ, ಸುಳ್ಳು ಹೇಳಲಾರೆ.

ಕವರಿನ ಮೇಲಿದ್ದ ನನ್ನ ಸಾಲನ್ನು ಹೊಡೆದುಹಾಕಿ, ಇಂಜಿನಿಯರು ಬರೆದದ್ದನ್ನೇ ಕನ್ನಡದಲ್ಲಿ ಬರೆದಿದ್ದೇನೆ. ಕೀ ಕೊಟ್ಟು ಅದೇ ಪ್ಲೇಟು ಇಟ್ಟಿದ್ದೇನೆ. ಇವರು ಕಾಫಿಗೆ ಬರುವ ಹೊತ್ತಾಯಿತು, ಬೇಲಿ ಬಾಗಿಲು ಸದ್ದಾಯಿತು. ಹೆದರಿ ನಾನು ಒಳಗೆ ಹೋಗಿಬಿಡಬಾರದೆಂದು ನಿನಗೆ ಬರೆಯುತ್ತಾ ಇಲ್ಲೇ ಕೂತಿದ್ದೇನೆ.