ಕ್ಯಾತಪ್ಪನ ಕುರಿಯ ಕಿವಿ

ಮೊಳಕಾಲ್ಮೂರು
ಸೌಮ್ಯ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ, ಗುರುವಾರ
೨ ಡಿಸೆಂಬರ್ ೧೯೦೯

ಚಿ. ಸೌ. ತಂಗಿ ಬಸವಲಿಂಗಮ್ಮನಿಗೆ ಅಣ್ಣ ಜಂಬುಲಿಂಗಪ್ಪನ ಆಶೀರ್ವಾದಗಳು.

ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಉಣ್ಣುತ್ತೇನೆ, ಮಲಗುತ್ತೇನೆ. ಅಷ್ಟನ್ನೇ ಕ್ಷೇಮ ಎಂದುಕೋ.

ದೇವಸಮುದ್ರದ ಕುರಿಗಾರ ಕ್ಯಾತಪ್ಪನನ್ನು ನಿಮ್ಮ ಚಳ್ಳಕೆರೆಗೆ ಒಯ್ದು ಕೂಡಿಹಾಕಿ ಇಂದಿಗೆ ಒಂಬತ್ತು ದಿನ. ಅವನಿಗೆ ಎರಡು ಹೊತ್ತು ರೊಟ್ಟಿ ಮುಟ್ಟಿಸು. ನಿನ್ನ ಯಜಮಾನರು ಕೊಟ್ಟೂರಪ್ಪನವರು ವಕೀಲರು. ಅವರು ಕ್ಯಾತಪ್ಪನ ಪರವಾಗಿ ನಿಲ್ಲಬೇಕೆಂದು ನಾನು ಕೇಳಿದೆನೆಂದು ಹೇಳು.

ನಮ್ಮ ಪಡಸಾಲೆಯ ಓದುವ ಸಂಘ ನಿನಗೆ ಗೊತ್ತು. ಶನಿವಾರ ಶನಿವಾರ ನಾನು ಪತ್ರಿಕೆ ಓದುವುದು, ನೇಕಾರರೂ ಕುರಿಗಾರರೂ ಕೇಳುವುದು. ಅಧಿಕಾರಿಗಳ ಮೊಕ್ಕಾಂ ಬಂದಾಗಲೆಲ್ಲ ಕುರಿ, ಸೌದೆ, ಗಾಡಿ ಬಿಟ್ಟಿ ಕೊಟ್ಟು ಜನ ಸೋತಿದ್ದರು. ಅದನ್ನು ನಿಲ್ಲಿಸಿರೆಂದು ಬೆಂಗಳೂರಿಗೆ ಅರ್ಜಿ ಬರೆದೆವು. ಕುರಿಗಾರರಿಗೆ ಹೆಸರು ಹಾಕಿಸಲು ಹೆದರಿಕೆ, ಹೆಬ್ಬೆಟ್ಟು ಒತ್ತಲು ಇನ್ನೂ ಹೆದರಿಕೆ. ನಿಮ್ಮ ನಿಮ್ಮ ಕುರಿಯ ಕಿವಿ ಬರೆಯಿರಿ ಎಂದೆ. ಹಿಂಡುಗಳು ಬೆರೆತರೆ ಗುರುತು ಸಿಗಲೆಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕಿವಿ ಕತ್ತರಿಸಿರುತ್ತಾರಲ್ಲ, ಅದನ್ನೇ. ನಮ್ಮವರಿಗೆ ತಿಳಿಯುತ್ತದೆ, ಕಚೇರಿಗೆ ತಿಳಿಯುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಕ್ಯಾತಪ್ಪ ಮೊದಲು ಬರೆದ: ತುದಿ ಸೀಳಿದ ಕಿವಿ, ನಡುವೆ ಒಂದು ತೂತು. ಪಕ್ಕದಲ್ಲಿದ್ದ ಜೊತೆಗಾರ ಚಿತ್ತಪ್ಪ ಬಗ್ಗಿ ನೋಡಿ, "ಲೇ ಕ್ಯಾತ, ಕುರೀದು ಬರೆಯೋ ಅಂದ್ರೆ ನಿನ್ ಕಿವೀನೇ ಬರ್ದೀಯಲ್ಲೋ" ಎಂದ. ಎಲ್ಲರೂ ನಕ್ಕರು. ಹದಿನೇಳು ಕಿವಿಗಳಾದವು. ಕೆಳಗೆ ನಾನು "ಸಂಘದ ಪರವಾಗಿ" ಎಂದಷ್ಟೇ ಬರೆದೆ.

ಅರ್ಜಿ ಬೆಂಗಳೂರಿನಿಂದ ತಿರುಗಿ ಬಂತು. ಯಾರ ಮೇಲೆ ದೂರಿತ್ತೋ ಅವರ ಕೈಗೇ, ವಿಚಾರಣೆಗೆಂದು! ದಫೇದಾರ ಬಂದು ಪಡಸಾಲೆಯ ಬಾಗಿಲಿಗೆ ಅರಗಿನ ಮುದ್ರೆ ಒತ್ತಿದ. ಗುರುತು ಯಾರ್‍ಯಾರದು ಎಂದು ಕೇಳಿದ. ಹೆಸರು ಹೇಳಲಾರೆ ಎಂದೆ. ಮೂರನೆಯ ದಿನ ಅವನು ಕಾಗದ ಹಿಡಿದು, ಕುರಿಗಳು ನೀರು ಕುಡಿಯುವ ಕೆರೆಯಂಗಳದಲ್ಲಿ ನಿಂತು, ಒಂದೊಂದೇ ಕಿವಿ ಮಗುಚಿ ನೋಡುತ್ತಿದ್ದನಂತೆ. ಮೈಸೂರು ಕಡೆಯವನು, ಕುರಿ ಕಂಡವನಲ್ಲ. ಅವನಿಗೆ ಹೇಗೆ ತಿಳಿಯಿತೋ.

ಹದಿನಾರು ಜನ ಹಿಂಡು ಹೊಡೆದುಕೊಂಡು ರಾಯದುರ್ಗದ ಗಡಿ ದಾಟಿ ಪರಸೀಮೆ ಸೇರಿದರು. ಕ್ಯಾತಪ್ಪನ ಕುರಿಗಳು ಈಯುತ್ತಿದ್ದವು, ಅವನು ಉಳಿದ. ಮೇಷ್ಟ್ರು ಮೋಸದಿಂದ ಬರೆಸಿಕೊಂಡರು ಎಂದರೆ ಈಗಲೇ ಬಿಡುತ್ತಾರಂತೆ. ಆ ಒಂದು ಮಾತು ಸಿಕ್ಕಿದರೆ ನನ್ನನ್ನೂ ಹಿಡಿಯಬಹುದು, ಸಂಘವನ್ನೂ ಮುಗಿಸಬಹುದು. ಅವನು ಮಾತ್ರ "ಕುರಿ ನಂದು, ಕಿವಿ ನಂದು, ನಾನೇ ಬರ್ದಿದ್ದು" ಎನ್ನುವುದನ್ನು ಬಿಟ್ಟು ಬೇರೆ ಹೇಳಿಲ್ಲ.

ಧಾತು ವರ್ಷದ ಬರದಲ್ಲಿ ಇದೇ ಸರ್ಕಾರ ಗಂಜಿ ಕಾಯಿಸಲು ಸಂಘ ಕಟ್ಟಿರೆಂದು ಅಪ್ಪನನ್ನು ಬೇಡಿಕೊಂಡಿತ್ತು. ಆಗ ನಾಲ್ಕು ಜನ ಸೇರುವುದು ಪುಣ್ಯ. ಈಗ ಅದೇ ಪಡಸಾಲೆಯಲ್ಲಿ ನಾಲ್ಕು ಜನ ಕೂತರೆ ರಾಜದ್ರೋಹ. ಇದನ್ನು ಬರೆಯುವಾಗ ಕೋಪ ಬರಬೇಕಿತ್ತು. ಬರುತ್ತಿಲ್ಲ. ಕಳೆದ ಶನಿವಾರ ಮುದ್ರೆ ಒತ್ತಿದ ಬಾಗಿಲ ಮುಂದಿನ ಕಟ್ಟೆ ಗುಡಿಸಿ, ಪತ್ರಿಕೆ ಹಿಡಿದು ಕೂತೆ. ಯಾರೂ ಬರಲಿಲ್ಲ. ಕೊನೆಯ ಪುಟದವರೆಗೂ ಗಟ್ಟಿಯಾಗಿ ಓದಿ ಎದ್ದೆ.

ಕ್ಯಾತಪ್ಪನ ಹೆಂಡತಿ ಸೂರಮ್ಮ ಬಂದಿದ್ದಳು. "ನೀವ್ ಬರಿ ಅಂದ್ರಿ, ಬರ್ದ. ಈಗ ನಾನೇನ್ ಮಾಡ್ಲಿ ಹೇಳ್ರಿ ಮೇಷ್ಟ್ರೇ" ಎಂದಳು. ಬೈಯಲಿಲ್ಲ. ಹೋಗುವಾಗ, "ಯಾರೋ ನಮ್ಮೋರೇ ಹೇಳ್ಕೊಟ್ಟವ್ರೆ. ಅವ್ನ ನಾಲಿಗೆ ಬಿದ್ದೋಗ" ಎಂದಳು. ಹೌದಮ್ಮ ಎಂದೆ.

ಸಂಘ ಉಳಿಯಬೇಕಾದರೆ ನಾನು ಹೊರಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ನನಗೂ ಅದೇ ಸರಿ ಎನ್ನಿಸಿದೆ. ರೊಟ್ಟಿಯ ಜೊತೆ ಒಂದಿಷ್ಟು ಹುಚ್ಚೆಳ್ಳು ಪುಡಿ ಇಡು. ಅವನಿಗೆ ಇಷ್ಟ.

ಇಂತು ನಿನ್ನ ಅಣ್ಣ,
ಜಂಬುಲಿಂಗಪ್ಪ

ಮರುದಿನ ಸೇರಿಸಿದ್ದು: ಕಾಗದ ಅಂಚೆಗೆ ಹಾಕಲು ಹೋಗಿ ಹಿಂದಕ್ಕೆ ತಂದೆ. ಬಸವಲಿಂಗಿ, ದಫೇದಾರನಿಗೆ ಯಾರೂ ಹೇಳಿಕೊಡಲಿಲ್ಲ. ಅವನು ಆ ಗುರುತುಗಳನ್ನು ಮರಾಠಿಯವರ ಮೋಡಿ ಅಕ್ಷರ ಎಂದುಕೊಂಡಿದ್ದ. ಏನೇನೋ ಕೂಡಿಸಿ ಓದಲು ಹೋಗಿ ತಪ್ಪು ಓದಿದ. ಮೂವತ್ತು ವರ್ಷ ಹುಡುಗರ ತಪ್ಪು ತಿದ್ದಿದ ಬಾಯಿ ಇದು. "ಅದು ಅಕ್ಷರ ಅಲ್ಲಯ್ಯಾ, ಕುರಿಯ ಕಿವಿ" ಎಂದುಬಿಟ್ಟೆ. ಹೆಸರು ಹೇಳಲಿಲ್ಲವೆಂದು ಆಮೇಲೆ ಎಷ್ಟು ದಿನ ಹೆಮ್ಮೆಪಟ್ಟೆ!

ಸೋಮವಾರ ಗಾಡಿಯಲ್ಲಿ ಬರುತ್ತೇನೆ. ಅರ್ಜಿಯ ಕೈಬರಹ ನನ್ನದೆಂದು, ಕಿವಿ ಬರೆಯಿರೆಂಬ ಮೊದಲ ಮಾತು ನನ್ನದೆಂದು ನಾನೇ ಹೇಳುತ್ತೇನೆ. ಅಷ್ಟರೊಳಗೆ ಇದಿಷ್ಟನ್ನು ಕ್ಯಾತಪ್ಪನಿಗೆ ಓದಿ ಹೇಳು. ಕೇಳಿದ ಮೇಲೆ ಅವನು ರೊಟ್ಟಿ ಮುಟ್ಟದಿದ್ದರೆ, ನನ್ನ ಹೆಸರು ಎತ್ತಬೇಡ. ನಿನ್ನ ಮನೆಯದೆಂದು ಹೇಳಿ ಅಲ್ಲಿಟ್ಟು ಬಾ.