ಹುಳವಿರುವ ಮನೆಯ ತಿಗಣೆ

ಆಗಸ್ಟ್ 6, ಮಂಗಳವಾರ. ಬೆಳಿಗ್ಗೆ

ಮೊದಲ ಸೊಪ್ಪು ಹಾಕಿ ಬಂದೆ. ನಿನ್ನೆ ತಂದ ರೇಷ್ಮೆ ಮರಿಗಳು ಚುರುಕಾಗಿವೆ, ತಿನ್ನುತ್ತಿವೆ. ಟೀಗೆ ಇನ್ನೂ ಇಟ್ಟಿಲ್ಲ. ಎಡಗೈ ತುಂಬ ದದ್ದು. ಸೊಳ್ಳೆ ಇರಬೇಕು. ಹುಳ ಇರುವ ಮನೆಯಲ್ಲಿ ಕಾಯಿಲ್ ಹಚ್ಚುವಂತಿಲ್ಲ, ಲಿಕ್ವಿಡ್ ಹಾಕುವಂತಿಲ್ಲ, ಮುಖಕ್ಕೆ ಪೌಡರ್ ಹಾಕಬೇಕಾದರೂ ಯೋಚನೆ ಮಾಡಬೇಕು. ಹುಳಕ್ಕೆ ವಾಸನೆ ತಾಗಿದರೆ ಬೆಳೆ ಹೋಯಿತು. ಹಾಗಾಗಿ ಸೊಳ್ಳೆಗೆ ನಾವೇ ಊಟ.

ಮೂರು ದಿನದಿಂದ ಅತ್ತೆಯ ಮಂಚದ ಮೇಲೆ ಮಲಗುತ್ತಿದ್ದೇನೆ. ಅವರು ಹೋಗಿ ಇನ್ನು ಮೂರು ದಿನಕ್ಕೆ ಎರಡು ತಿಂಗಳು. ಹಾಸಿಗೆ, ದಿಂಬು, ಉಟ್ಟ ಸೀರೆ ಎಲ್ಲ ಅವತ್ತೇ ಹೊರಗೆ ಹಾಕಿದೆವು. ಮಂಚ ಉಳಿಯಿತು. ಗೌರಿ ಹಬ್ಬದ ಹೊತ್ತಿಗೆ ಮಗಳು ರಮ್ಯಾ ಹೆರಿಗೆಗೆ ಬರುತ್ತಾಳೆ, ಅವಳಿಗೆ ಮಂಚ ಬೇಕು. ಸತ್ತವರ ಮಂಚದ ಮೇಲೆ ಬಸುರಿ ಮಲಗಬಾರದು ಅಂತ ಪಕ್ಕದ ಮನೆಯವರು ರಾಗ ಎಳೆದರು. ಸರಿ, ಮೊದಲು ನಾನೇ ಮಲಗುತ್ತೇನೆ, ಏನಾದರೂ ಬರುವುದಿದ್ದರೆ ನನಗೇ ಬರಲಿ ಅಂದೆ. ಊರ ಬಾಯಿಗೆ ಮುಚ್ಚಳ ಇಲ್ಲ.

ಆಗಸ್ಟ್ 7, ಬುಧವಾರ

ಸೊಳ್ಳೆ ಅಲ್ಲ. ದದ್ದುಗಳು ಸಾಲಾಗಿ ಎದ್ದಿವೆ — ಮೂರು, ಮತ್ತೆ ಮೂರು. ಬೆಳಿಗ್ಗೆ ಬೆಡ್‌ಶೀಟ್ ಒದರಿದೆ. ಒಂದು ಸಿಕ್ಕಿತು. ಹೊಟ್ಟೆ ತುಂಬಿ ಓಡಲಾರದೆ ಕೂತಿತ್ತು. ಉಗುರಲ್ಲಿ ಒತ್ತಿದೆ. ಆ ವಾಸನೆ! ತಿಗಣೆ. ನನ್ನ ಮನೆಯಲ್ಲಿ, ದಿನಕ್ಕೆ ಎರಡು ಸಲ ನೆಲ ಒರೆಸುವ ನನ್ನ ಮನೆಯಲ್ಲಿ.

ಇವರಿಗೆ ತೋರಿಸಿದೆ. ಸೊಪ್ಪಿನ ಹೊರೆ ಇಳಿಸುತ್ತಿದ್ದವರು ನೋಡಿಯೂ ನೋಡದ ಹಾಗೆ ಅಂದರು: “ಕುದೂರಕ್ಕ ತಂದವ್ಳೆ. ತಿಥಿಗೆ ಬಂದು ಹನ್ನೊಂದು ದಿಸ ಇದ್ಲಲ್ಲ, ಚಾಪೆ ದುಪ್ಪಟಿ ಎಲ್ಲಾ ಹೊತ್ಕಂಡು. ಅದ್ರಲ್ಲೇ ಬಂದವೆ.” ಕುದೂರಕ್ಕ ಅಂದರೆ ಇವರ ಅಕ್ಕ, ನನ್ನ ಅತ್ತಿಗೆ.

“ಔಷಧಿ ಹೊಡೆಸೋಣ.”

“ತಲೆ ಕೆಟ್ಟಿದ್ದದಾ ನಿಂಗೆ? ಗ್ವಾಡೆ ಮ್ಯಾಲ್ಗಂಟ ಇಲ್ಲ, ಹೆಂಚಿನ್ ಸಂದೀಲಿ ಹುಳದ್ ಮನೆಗೇ ಹೋಯ್ತದೆ. ಗೂಡು ಬುಡ್ಸೋಗಂಟ ಆ ಮಾತೇ ಎತ್ಬ್ಯಾಡ.”

ಅವರು ಹೇಳುವುದು ಸರಿ. ಇನ್ನು ಇಪ್ಪತ್ತು ದಿನ.

ಆಗಸ್ಟ್ 9, ಶುಕ್ರವಾರ

ಹುಳ ಮೂರನೇ ಜ್ವರಕ್ಕೆ ಕೂತಿವೆ. ಪೊರೆ ಬಿಟ್ಟು ಏಳುವ ತನಕ ಸೊಪ್ಪು ಬೇಡ. ಬಿಡುವು ಸಿಕ್ಕಿತು. ಮಂಚವನ್ನು ಹಿತ್ತಲಿಗೆ ಎಳೆದು ಕುದಿಯುವ ನೀರು ಹೊಯ್ದೆ, ಮೂರು ಹಂಡೆ. ಹಾಸಿಗೆ ಹೊತ್ತುಕೊಂಡು ಹೋಗಿ ಊರಾಚೆ ಬಂಡೆ ಮೇಲೆ ಹರಡಿದೆ. ಬಿಸಿಲಿಗೆ ಬಂಡೆ ಕಾದು ಅಂಗಾಲು ಸುಡುತ್ತಿತ್ತು. ಸಾಯಲಿ, ಸಂತತಿ ಸಮೇತ.

ಮಧ್ಯಾಹ್ನ ಅದೇ ಬಂಡೆ ಮೇಲೆ ಕೂತು ಮಜ್ಜಿಗೆ ಅನ್ನ ಉಂಡೆ. ಎರಡು ತಿಂಗಳಾಯಿತು ಅಂತ ಆಮೇಲೆ ನೆನಪಾಯಿತು. ಎಡೆ ಇಡಲಿಲ್ಲ.

ಆಗಸ್ಟ್ 11, ಭಾನುವಾರ

ಸಾಯಲಿಲ್ಲ.

ಚಾಪೆ ಹಾಕಿಕೊಂಡು ನೆಲದ ಮೇಲೆ ಮಲಗಿದೆ. ಅಲ್ಲಿಗೂ ಬಂದವು. ದೀಪ ಹಾಕಿದರೆ ಒಂದೂ ಇಲ್ಲ, ಆರಿಸಿದರೆ ಕುತ್ತಿಗೆ ಹತ್ತಿರ ಹರಿಯುತ್ತವೆ. ಇವರು ಜಗಲಿಯಲ್ಲಿ ಮಲಗುತ್ತಾರೆ, ಅವರ ಮೈ ಮೇಲೆ ಒಂದು ದದ್ದೂ ಇಲ್ಲ. ಗಂಡಸರ ಚರ್ಮ ದಪ್ಪ.

ಬೆಳಗಿನ ಜಾವ ಒಂದು ಮಾತು ಕಿವಿಯಲ್ಲಿ ಹೇಳಿದ ಹಾಗಾಯಿತು. “ಏನೋ ಕಚ್ತಾವೆ ಕಣಮ್ಮಿ.” ಅತ್ತೆಯ ದನಿಯೇ. ಎದ್ದು ಕೂತೆ. ಯಾರೂ ಇಲ್ಲ.

ಅವರು ಹಾಗೆ ಅನ್ನುತ್ತಿದ್ದದ್ದು ನಿಜ. ಕೊನೆ ಕೊನೆಗೆ ದಿನವೂ. ಆದರೆ ಅರಳು ಮರಳು ಆಗಿತ್ತಲ್ಲ. ತೀರಿಹೋದ ಮಾವನ ಜೊತೆ ಮಾತಾಡುತ್ತಿದ್ದರು, ಗೋಡೆಯಲ್ಲಿ ಕುರಿ ನಿಂತಿದೆ, ಓಡಿಸು ಅನ್ನುತ್ತಿದ್ದರು. ಡಾಕ್ಟರೇ ಹೇಳಿದರು, ವಯಸ್ಸಾದವರಿಗೆ ಮೈ ಮೇಲೆ ಏನೋ ಹರಿದಂತೆ ಅನ್ನಿಸುತ್ತದೆ ಅಂತ.

ಬೇರೆ ವಿಷಯ ಬರೆಯಬೇಕು. ಹುಳ ಜ್ವರದಿಂದ ಎದ್ದವು. ಚೆನ್ನಾಗಿ ಎದ್ದಿವೆ.

ಆಗಸ್ಟ್ 15, ಗುರುವಾರ. ಸಂಜೆ

ಇವತ್ತು ಚನ್ನಪಟ್ಟಣದಿಂದ ಮಜೀದಾ ಬಂದಿದ್ದಳು. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವಳು. ಗಂಡನಿಗೆ ಬೊಂಬೆ ಕೆಲಸ, ಹಳೆ ಮಂಚ ಕುರ್ಚಿ ರಿಪೇರಿಯೂ ಮಾಡುತ್ತಾನೆ, ಇವಳೂ ಪಕ್ಕದಲ್ಲೇ ಕೂತು ಪಾಲಿಷ್ ಹಾಕುತ್ತಾಳೆ. ಮಂಚ ತೋರಿಸಿದೆ. ಕಾಲು ಮತ್ತು ಪಟ್ಟಿ ಸೇರುವ ಕಡೆ ಸ್ಕ್ರೂಡ್ರೈವರ್ ಹಾಕಿ ಮೀಟಿದಳು. ಬೆಣೆ ಕಳಚಿತು.

ಒಳಗೆ ಕಪ್ಪಗೆ, ಪದರ ಪದರ. ಒಣಗಿದ ಪೊರೆ, ಮೊಟ್ಟೆ, ಜೀವಂತ ಇರುವವು. ನಾನು ಹೊಯ್ದ ನೀರು ಅಲ್ಲಿಗೆ ಮುಟ್ಟಿಯೇ ಇಲ್ಲ.

“ಯಾವಾಗ್ಲಿಂದ ಅಂದೆ?”

“ಜೂನಲ್ಲಿ ತಿಥಿಗೆ ನಮ್ಮ ಅತ್ತಿಗೆ ಬಂದಿದ್ದಾಗಿನಿಂದ.”

ಮಜೀದಾ ನಕ್ಕಳು. “ಎರಡು ತಿಂಗಳ ಸಂಸಾರ ಅಲ್ಲ ಲತಾ ಇದು. ನೋಡು, ಕಲೆ ಮೇಲೆ ಕಲೆ. ವರ್ಷದ್ದು. ಮಂಚದ ಜೊತೇನೇ ಬಂದಿದ್ದಾವೆ. ಹಳೇ ಮಂಚ ತಂದರೆ ಮೊದಲು ಬೆಣೆ ಬಿಚ್ಚಿ ನೋಡಬೇಕು. ನಿಮ್ಮ ಅತ್ತೆ ಪಾಪ, ಹೆಂಗೆ ಮಲಗ್ತಿದ್ದರು ಇದ್ರ ಮೇಲೆ?”

ಕಾಫಿ ಮಾಡುತ್ತೇನೆ ಅಂತ ಒಳಗೆ ಬಂದುಬಿಟ್ಟೆ. ಕಾಫಿ ಕೊಟ್ಟೆ, ಕಳಿಸಿದೆ. ಬಸ್ಸಿನ ತನಕವೂ ಹೋಗಲಿಲ್ಲ.

ಅದೇ ದಿನ. 9 ಗಂಟೆ

ಬರೆಯುತ್ತೇನೆ. ಎಲ್ಲಿಯಾದರೂ ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಹೋದ ದಸರಾದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿಯಿತು. ನೆಲದಿಂದ ಎತ್ತಿ ಇಳಿಸುವುದು ಆಗಲ್ಲ ಅಂತ ಇವರು ಹಳೆ ಸಾಮಾನಿನ ಅಂಗಡಿಯಿಂದ ಈ ಮಂಚ ತಂದರು. ಬೆಣೆ ಯಾರೂ ಬಿಚ್ಚಲಿಲ್ಲ. ಅತ್ತೆ ಅದರ ಮೇಲೆ ಎಂಟು ತಿಂಗಳು ಮಲಗಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಹಿಡಿದು ತೋರಿಸಲು ಆಗುತ್ತಿರಲಿಲ್ಲ. ದಿನಾ ಬೆಡ್‌ಶೀಟ್ ಬದಲಾಯಿಸಿದೆ. ಚುಕ್ಕೆ ಚುಕ್ಕೆ ರಕ್ತ ಇರುತ್ತಿತ್ತು. ಕೆರೆದುಕೊಂಡದ್ದು ಅಂದುಕೊಂಡೆ.

ಮೇ ತಿಂಗಳಲ್ಲಿ ಕೆರೆದು ಕೆರೆದು ತೋಳಿನ ಚರ್ಮ ಸುಲಿದು ಬಂತು, ಈರುಳ್ಳಿ ಸಿಪ್ಪೆಯ ಹಾಗೆ. ಕೀವು ಆಗುತ್ತದೆ ಅಂತ ಹೆದರಿದೆ. ಹಳೆ ಸೀರೆಯ ಮೆತ್ತನೆ ಬಟ್ಟೆ ಹರಿದೆ. ರಾತ್ರಿ ಮಲಗಿಸುವಾಗ ಎರಡು ಕೈಯನ್ನೂ ಮಂಚದ ಪಟ್ಟಿಗೆ ಕಟ್ಟಿದೆ. ಮೇ 23ರಿಂದ. ಸಾಯುವ ಹಿಂದಿನ ರಾತ್ರಿಯ ತನಕ. ಹದಿನೇಳು ರಾತ್ರಿ.

“ಬುಡ್ಸಮ್ಮಿ, ಒಸಿ ಬುಡ್ಸಮ್ಮಿ. ಕಚ್ತಾವೆ.”

“ಏನೂ ಇಲ್ಲ ಮಲಕ್ಕಳಿ ಅತ್ತೆ.”

ಹೀಗೆ ಅಂದವಳು ನಾನು. ಹದಿನೇಳು ಸಲ. ಜಾಸ್ತಿಯೇ ಇರಬೇಕು.

ತಿಥಿಯ ದಿನ ಹೆಂಗಸರೆಲ್ಲ ನನ್ನ ಗಲ್ಲ ಮುಟ್ಟಿದರು, ಸೊಸೆ ಅಂದರೆ ಹಿಂಗಿರಬೇಕು ಅಂದರು. ನನಗೂ ಹೆಮ್ಮೆ ಆಗಿತ್ತು.

ಆಗಸ್ಟ್ 17, ಶನಿವಾರ

ನಿನ್ನೆ ವರಮಹಾಲಕ್ಷ್ಮಿ. ಕಳಶ ಇಟ್ಟೆ. ಕೈ ಮುಗಿದೆ, ಏನೂ ಕೇಳಲಿಲ್ಲ.

ಇವತ್ತು ಕುದೂರಿನಿಂದ ಅತ್ತಿಗೆ ಹೊನ್ನಗಂಗಮ್ಮ ಫೋನ್ ಮಾಡಿದರು, ರಮ್ಯಾಳ ಸೀಮಂತಕ್ಕೆ ಯಾವ ಸೀರೆ ತರಲಿ ಅಂತ ಕೇಳಲು. ಇವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. “ಸೀರೆ ಗೀರೆ ಬ್ಯಾಡ. ತಿಗ್ಣೆ ತಂದು ಬುಟ್ಟೋದೆಯಲ್ಲ, ಅಷ್ಟೇ ಸಾಕು. ನನ್ನೆಂಡ್ರು ಮೈಯೆಲ್ಲ ಗಾಯ ಆಗದೆ.” ಅತ್ತಿಗೆ ಮೊದಲು ನಕ್ಕರು. ಆಮೇಲೆ ಅಳುತ್ತಿದ್ದದ್ದು ನನಗೆ ಇಲ್ಲಿಗೇ ಕೇಳಿಸಿತು. “ನಮ್ಮವ್ವನ್ ಮನೇಗೆ ನಾನು ತಿಗ್ಣೆ ತಂದೋಳಾದ್ನಾ ಕೆಂಪ? ಅವ್ವ ಇರೋಗಂಟ ಅಷ್ಟೇಯಾ ನಂದು? ಇನ್ನು ನಿನ್ ಹೊಸ್ಲು ತುಳಿಯಾಕಿಲ್ಲ ನಾನು.”

ಇಟ್ಟುಬಿಟ್ಟರು. ಇವರ ಮುಖ ಬೆವೆತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟು ಯಾಕೆ ಅಂತ ತಿಳಿಯಲಿಲ್ಲ. ರಮ್ಯಾಳನ್ನು ಹೆತ್ತಾಗ ನನ್ನ ಬಾಣಂತನ ಮಾಡಿದ್ದು ಆ ಅತ್ತಿಗೆಯೇ. ರಮ್ಯಾಳಿಗೂ ತಾನೇ ಮಾಡುತ್ತೇನೆ ಅಂತ ಇಡೀ ಕುದೂರಿಗೆ ಹೇಳಿಕೊಂಡು ಬಂದಿದ್ದಾರೆ.

ಒಂದು ಮಾತು ನಾನು ಬಾಯಿಬಿಟ್ಟರೆ ಸರಿಹೋಗುತ್ತದೆ. ತಿಗಣೆ ಮೊದಲಿಂದಲೂ ಇದ್ದವು, ಅಕ್ಕ ತಂದದ್ದಲ್ಲ. ಆ ಮಾತಿನ ಬಾಲ ಹಿಡಿದು ಮುಂದಿನದು ಬರುತ್ತದೆ. ಹಾಗಾದರೆ ಅವ್ವ ಹೇಳುತ್ತಿದ್ದದ್ದು… ಹಾಗಾದರೆ ನೀನು ಕಟ್ಟಿದ್ದು…

ಆಡಲಿಲ್ಲ. ಹೇಡಿ ನಾನು.

ಆಗಸ್ಟ್ 20, ಮಂಗಳವಾರ

ನಾಲ್ಕನೇ ಜ್ವರ ಎದ್ದು ಹುಳ ಈಗ ದೊಡ್ಡವು. ಎಷ್ಟು ಹಾಕಿದರೂ ಸಾಲದು. ದಿನಕ್ಕೆ ಮೂರು ಸಲ ಸೊಪ್ಪು, ಮಧ್ಯೆ ಅಡುಗೆ. ನಿಂತಲ್ಲೇ ತೂಕಡಿಸುತ್ತೇನೆ.

ನಿನ್ನೆ ಮತ್ತೆ ಮಂಚದ ಮೇಲೆ ಮಲಗಿದೆ. ಬೇಕಂತಲೇ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ. ಕೆರೆಯಬಾರದು, ನೋಡೋಣ ಎಷ್ಟು ಹೊತ್ತು ಅಂತ. ಬಂದವು. ಮೊದಲು ಕಾಲ ಹರಡು, ಆಮೇಲೆ ಸೊಂಟ, ಆಮೇಲೆ ಕಿವಿಯ ಹಿಂದೆ. ಕಣ್ಣಲ್ಲಿ ನೀರು ಬಂತು. ಒಂದು ಗಂಟೆಯೂ ತಡೆಯಲಿಲ್ಲ. ಕೈ ತೆಗೆದು ಮೈಯೆಲ್ಲ ಪರಚಿಕೊಂಡೆ.

ನನಗೆ ಕೈ ತೆಗೆಯಲು ಬಂತು.

ಇನ್ನೊಂದು ಯೋಚನೆ ಬರುತ್ತದೆ, ಬರಬಾರದು, ಬರುತ್ತದೆ. ಇವು ಅತ್ತೆಯ ರಕ್ತ ಕುಡಿದು ಬೆಳೆದವು. ಅವರ ಮೈಯನ್ನು ಮಣ್ಣು ಮಾಡಿ ಬಂದೆವು. ಅವರದು ಅಂತ ಈ ಮನೆಯಲ್ಲಿ ಉಳಿದಿರುವುದು ಇವುಗಳ ಹೊಟ್ಟೆಯಲ್ಲಿ ಮಾತ್ರ. ಇವತ್ತು ಒಂದು ಕೈ ಮೇಲೆ ಹರಿಯಿತು. ಕೊಲ್ಲಲು ಹೋದೆ, ಆಗಲಿಲ್ಲ. ಗೋಡೆ ಹತ್ತಿ ಹೋಗುವ ತನಕ ನೋಡುತ್ತಾ ನಿಂತೆ.

ನನಗೆ ಹುಚ್ಚು ಹಿಡಿಯುತ್ತಿದೆಯಾ? ಯಾರನ್ನು ಕೇಳುವುದು?

ಆಗಸ್ಟ್ 24

ಹುಳ ಹಣ್ಣಾದವು. ಎಲ್ಲ ಆರಿಸಿ ಗೂಡು ಕಟ್ಟಲು ಚಂದ್ರಂಕಿ ತಟ್ಟಿಗೆ ಬಿಟ್ಟೆವು. ನೂಲು ಬಿಡುತ್ತಿವೆ. ಜೂನಿನ ಬೆಳೆಯೂ ಹೀಗೇ ಚಂದ್ರಂಕಿಯಲ್ಲಿ ಇದ್ದಾಗಲೇ ಅತ್ತೆ ಹೋದದ್ದು. ಹೆಣ ಜಗಲಿಯಲ್ಲಿತ್ತು. ಇವರು ನಡುನಡುವೆ ಎದ್ದು ಹೋಗಿ ಹುಳದ ಮನೆ ಇಣುಕಿ ಬರುತ್ತಿದ್ದರು. ಸಂಕಟ ತಡೆಯಲಾರದೆ ಅಂದುಕೊಂಡಿದ್ದೆ.

ರಮ್ಯಾ ಫೋನ್. “ಅಮ್ಮ, ದೊಡ್ಡತ್ತೆ ಬರಲ್ಲ ಅಂತಾರೆ. ಅವರಿಲ್ಲದೆ ನನಗೆ ಸೀಮಂತನೇ ಬೇಡ. ಏನಾಯ್ತು, ನಿಜ ಹೇಳು.” ಸಿಗ್ನಲ್ ಇಲ್ಲ ಅಂದೆ. ನಾಲ್ಕು ಕಡ್ಡಿ ಇತ್ತು.

ಆಗಸ್ಟ್ 29, ಗುರುವಾರ. ಮಧ್ಯಾಹ್ನ

ನಿನ್ನೆ ಗೂಡು ಬಿಡಿಸಿ, ಇವತ್ತು ರಾಮನಗರ ಮಾರ್ಕೆಟ್ಟಿಗೆ ಹಾಕಿ ಬಂದರು. ಬರುವಾಗ ಔಷಧಿ ತಂದರು, ಪಂಪು ತಂದರು. ನನಗಿಂತ ಅವರಿಗೇ ಆತುರ. ಊಟ ಕೂಡ ಮಾಡದೆ ಮಂಚವನ್ನು ಹಿತ್ತಲಿಗೆ ಎಳೆದು ಕೊಡಲಿ ಎತ್ತಿದರು, ಸುಟ್ಟುಬಿಡುತ್ತೇನೆ ಅಂತ.

ಆಗ ಹೇಳಿದೆ. ನಿಂತಲ್ಲೇ. “ಅಕ್ಕ ತಂದದ್ದಲ್ಲ. ಮಂಚದ ಜೊತೆ ಬಂದದ್ದು, ಅವ್ವ ಇದ್ದಾಗಿನಿಂದಲೂ ಇದ್ದವು. ಅವ್ವ ಹೇಳ್ತಿದ್ದದ್ದು ನಿಜ. ನಾನು ಕೈ ಕಟ್ಟಿ ಹಾಕಿದೆ. ಕಟ್ಟಿ ಹಾಕಿ ತಿನ್ನಿಸಿದೆ.”

ಕೊಡಲಿ ಇಳಿಸಿದರು. ನನ್ನ ಮುಖ ನೋಡಲಿಲ್ಲ.

“ಗೊತ್ತು.”

“ಏನ್ ಗೊತ್ತು?”

“ಅವ್ವನ್ ದಿಂಬಿನ್ ಮ್ಯಾಲೆ ಒಂದ್ ತಿಗ್ಣೆ ನೋಡಿದ್ದೆ. ನೀನು ಕೈ ಕಟ್ಟಾಕೆ ಸುರು ಮಾಡಿದ್ ಮೂರ್ನೇ ದಿಸ. ಹೊಸ್ಕಾಕ್ದೆ.” ಕೊಡಲಿಯನ್ನು ಗೋಡೆಗೆ ಒರಗಿಸಿದರು. “ಹುಳ ನಾಕ್ನೇ ಜ್ವರದಲ್ಲಿದ್ವು. ನಿಂಗ್ ಯೋಳಿದ್ರೆ ಅವತ್ತೇ ಔಷ್ದಿ ಅಂತಿದ್ದೆ. ಗೂಡೊಂದು ಆಗೋಗ್ಲಿ, ಆಮೇಕೆ ನೋಡುಮಾ ಅಂದ್ಕಂಡೆ. ಹದಿನೈದ್ ದಿಸ ತಾನೆ ಅಂದ್ಕಂಡೆ. ಗೂಡು ಬುಡ್ಸೋ ಹೊತ್ಗೆ ಅವ್ವನೇ ಇರ್ನಿಲ್ಲ.”

ನನಗೆ ಸಿಟ್ಟು ಬರಲಿಲ್ಲ. ಮೊದಲು ಮನಸ್ಸು ಹಗುರಾಯಿತು. ನಾನೊಬ್ಬಳೇ ಅಲ್ಲ ಅಂತ. ಥೂ, ಎಂಥ ಹೆಂಗಸು ನಾನು. ಸಿಟ್ಟು ಆಮೇಲೆ ಬಂತು, ಈಗಲೂ ಇದೆ. ನಾನು ಕಟ್ಟುವಾಗ ಇವರು ಬಾಗಿಲಲ್ಲಿ ನಿಂತು, “ಬಿಗಿಯಾಗಿ ಕಟ್ಬ್ಯಾಡ ಕಣಮ್ಮಿ” ಅನ್ನುತ್ತಿದ್ದರು. ಮಗನ ಕರುಳು ಅಂದುಕೊಂಡಿದ್ದೆ. ನನಗೆ ಗೊತ್ತಿಲ್ಲದೆ ಆಯಿತು. ಇವರು ಗೊತ್ತಿದ್ದು ಗಂಟು ಸಡಿಲ ಇದೆಯಾ ನೋಡಿದರು.

ಮಂಚ ಸುಟ್ಟೆವು.

ಆಗಸ್ಟ್ 30, ಶುಕ್ರವಾರ. ಬೆಳಿಗ್ಗೆ 7

ಅಕ್ಕನಿಗೆ ನೀವೇ ಫೋನ್ ಮಾಡಿ ಹೇಳಬೇಕು, ಇಲ್ಲವಾದರೆ ಈ ಮನೆಯಲ್ಲಿ ನನ್ನ ಮಗಳ ಸೀಮಂತ ಬೇಡ ಅಂದೆ. ಮಾಡಿದರು. ಜಗಲಿಯಲ್ಲಿ ಕೂತು “ಅಕ್ಕಾ” ಅಂದರು, ಅಷ್ಟೇ. ಅತ್ತಿಗೆ ಒಲೆ ಮೇಲೆ ಹಾಲಿಟ್ಟಿದ್ದರಂತೆ, ಐದು ನಿಮಿಷ ಬಿಟ್ಟು ತಾನೇ ಮಾಡುತ್ತೇನೆ ಅಂದರಂತೆ. ದನಿಯಲ್ಲಿ ಸಿಟ್ಟಿರಲಿಲ್ಲವಂತೆ.

ಒಳಗೆ ಬಂದು ಫೋನನ್ನು ನನ್ನ ಮುಂದೆ ಇಟ್ಟರು. ತಲೆ ಬಗ್ಗಿಸಿಕೊಂಡೇ ಅಂದರು: “ನೀನೇ ಯೋಳು ಲತಾ. ಕೈ ಕಟ್ಟಿದ್ದು ಯೋಳು. ಅವ್ಳು ಹೆಂಗ್ಸು, ಅರ್ಥ ಮಾಡ್ಕತಳೆ. ನಾನ್ ನೋಡಿದ್ದು ಒಂದು ಬ್ಯಾಡ.”

ತೋಟಕ್ಕೆ ಹೋಗಲಿಲ್ಲ. ಬಾಗಿಲ ಆಚೆಯೇ ನಿಂತಿದ್ದಾರೆ, ನೆರಳು ಕಾಣುತ್ತಿದೆ. ಐದು ನಿಮಿಷ ಆಗುತ್ತಾ ಬಂತು.

ಎರಡನ್ನೂ ಹೇಳುತ್ತೇನೆ. ಅತ್ತಿಗೆ ನನ್ನ ಮುಖ ನೋಡದಿದ್ದರೂ ಸರಿ. ಮೊದಲು ನನ್ನದು. ಆಮೇಲೆ—