ಅಪ್ಪ ಸೈಡ್ ಕೊಟ್ಟದ್ದು

೧೨-೧೦-೮೬, ರವಿವಾರ

ಅಪ್ಪನ ಕೈಗೆ ಆ ಆಟ ಕೊಡಬಾರದಿತ್ತು. ತಪ್ಪು ನನ್ನದೇ.

ಭಾವ ಮಸ್ಕತ್‌ನಿಂದ ತಂದ ಹೊಸ ವಿಡಿಯೋ ಗೇಮ್. ಟಿವಿಗೆ ಜೋಡಿಸಿ, ಹಿಡಿಕೆ ಹೊರಳಿಸಿ ಕಾರು ಓಡಿಸುವುದು. ಇಪ್ಪತ್ತು ವರ್ಷ ಲಾರಿ ಓಡಿಸಿದ ಅಪ್ಪ, ಹೋದ ವರ್ಷ ಪೋತ್ನಾಳದ ಹತ್ತಿರ ಲಾರಿ ಮರಕ್ಕೆ ಬಡಿದು ಪಕ್ಕದಲ್ಲಿದ್ದ ಅವ್ವ ಸತ್ತ ಮೇಲೆ ಸ್ಟಿಯರಿಂಗ್ ಮುಟ್ಟಿಲ್ಲ. ಇದನ್ನಾದರೂ ಆಡಿ ನಗಲಿ ಅಂದುಕೊಂಡೆ.

ಲಾರಿ ಹತ್ತಿದಾಗ ಮಾಡುತ್ತಿದ್ದಂತೆ ಹಿಡಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದಿನಿಂದ ಒಂದು ಕಾರು ಬಂತು. ಅಪ್ಪ ಹಿಡಿಕೆ ಬಿಟ್ಟು, ಬಲಗೈ ಚಾಚಿ, ಮುಂದೆ ಹೋಗೆಂದು ಬೀಸಿದ. ಭಾವ ಬಿದ್ದು ಬಿದ್ದು ನಕ್ಕರು.

"ಮಾಮಾ, ಇದು ರೇಸ್ ರೀ! ಸೈಡ್ ಕೊಡಬಾರ್ದು!"

ಅಷ್ಟರಲ್ಲಿ ಅಪ್ಪನ ಕಾರು ಬಡಿದು ಚೂರಾಯಿತು. ಮರುಗಳಿಗೆಯೇ ಅದು ಹೊಸದಾಗಿ ರಸ್ತೆಯ ಮೇಲೆ ನಿಂತಿತ್ತು.

"ಆಡ್ರಿ ಮಾಮಾ, ಇನ್ನೂ ಎರಡು ಸಲ ಅದ."

ಅಪ್ಪ ಆ ಕಾರನ್ನೇ ನೋಡಿದ. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದ:

"ಯಂಕಮ್ಮಾ, ಇದ್ರಾಗ ಬಾಜೂಕ ಯಾರೂ ಕುಂತಿಲ್ಲಲ್ಲ?"

"ಇಲ್ಲ ಯಪ್ಪಾ," ಅಂದೆ.

ಆದರೂ ಮಂಚದ ಮೇಲೆ ಬಲಕ್ಕೆ ಸರಿದು, ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಹಿಡಿಕೆ ತೆಗೆದುಕೊಂಡ. ಆ ಜಾಗದಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ; ನೆಲದ ಮೇಲೆ ಕೂತೆ.